ಡಾಮಿಗೊಂದು ಬಾಗಿನ

ನಮ್ಮ ಅಡುಗೆಮನೆಯ ಗೋಡೆಗೆ ಒಂದು ಮೊರ ತೂಗುಹಾಕಿದ್ದೇನೆ. ಮೊರ ಎಂದೆನೇ ಹೊರತು ಅದು ನೀವು ಬಲ್ಲ ಮೊರವಲ್ಲ. ತಟ್ಟೆಯ ಹಾಗೆ ದುಂಡಗಿದೆ. ಕೇರಿದ ಕಾಳು ಸುರಿಯುವುದಕ್ಕೆ ಒಂದು ಕಡೆ ತೆರೆದ ಬಾಯಿ ಇರಬೇಕಲ್ಲ, ಅದು ಇಲ್ಲ. ಮನೆಗೆ ಬಂದ ಕನ್ನಡದವರೆಲ್ಲ ಒಮ್ಮೆ ಅದನ್ನು ನೋಡಿ, "ಮಸಾಯಿ ಮಾರ್ಕೆಟ್ಟಲ್ಲಿ ತಗೊಂಡ್ರಾ? ತುಂಬಾ ಎತ್ನಿಕ್ ಆಗಿದೆ ರೀ" ಎನ್ನುತ್ತಾರೆ. ನಾನು ಹೂಂ ಎಂದು ಸುಮ್ಮನಾಗುತ್ತೇನೆ. ನಿಜ ಹೇಳಲು ಹೊರಟರೆ ಅವರ ಕಾಫಿ ಆರಿಹೋಗುತ್ತದೆ. ನಿಮಗಾದರೆ ಹೇಳಬಹುದು, ನಿಮ್ಮ ಕಾಫಿಯ ಹೊಣೆ ನನ್ನದಲ್ಲ.

ನಾನಿರುವುದು ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿ. ಎಂದರೆ ಬುಗ್ಗೆಗಳ ಕಣಿವೆ. ನೈರೋಬಿ ಎನ್ನುವ ಹೆಸರಾದರೂ ಮಸಾಯಿ ಜನರ ಮಾತಿನಲ್ಲಿ ತಣ್ಣೀರು ಎಂದಂತೆ. ಈ ತಣ್ಣೀರೂರಿನ ಬುಗ್ಗೆಕಣಿವೆಯಲ್ಲಿ ನಮ್ಮ ನಲ್ಲಿಗೆ ನೀರು ಬರುವುದು ವಾರಕ್ಕೆ ಎರಡು ದಿನ. ಮಿಕ್ಕ ದಿನಗಳಲ್ಲಿ ಬೌಸರ್ ಗತಿ. ನಮ್ಮ ಕಡೆಯ ಟ್ಯಾಂಕರಿಗೆ ಇಲ್ಲಿ ಬೌಸರ್ ಎನ್ನುತ್ತಾರೆ. ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಈ ಊರನ್ನು ನೋಡಿಯೇ ಹುಟ್ಟಿತೇನೋ.

ಇದಕ್ಕಿಂತ ನಗೆಪಾಟಲಿನ ಸಂಗತಿ ಇನ್ನೊಂದಿದೆ. ನನ್ನ ಹೊಟ್ಟೆಪಾಡೇ ನೀರು. ರಿವರ್‌ಸೈಡಿನ ಕಚೇರಿಯೊಂದರಲ್ಲಿ ಕೂತು, ನೀರಿಲ್ಲದ ಊರುಗಳ ಬಗ್ಗೆ ವರದಿ ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದೇನೆ. ಯಾವ ಊರಿನ ಹೆಂಗಸು ಎಷ್ಟು ದೂರ ನಡೆದು ನೀರು ತರುತ್ತಾಳೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವ ನಾನು, ನಮ್ಮ ಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅದನ್ನು ಕೇಳಿದ್ದು ಅಮ್ಮ, ಬಂದಿಳಿದ ಮೊದಲ ದಿನವೇ.

ಅಮ್ಮ ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾಳೆ. ಅಪ್ಪ ಹೋಗಿ ಆರು ವರ್ಷವಾಯಿತು. ಈ ವರ್ಷ ಮಾರ್ಚಿನಲ್ಲಿ, ಮೂರು ತಿಂಗಳಿದ್ದು ಹೋಗುವುದೆಂದು ಮೊದಲ ಬಾರಿ ನೈರೋಬಿಗೆ ಬಂದಳು. ಮಂಡಿ ನೋವಿನವಳು, ಎರಡು ವಿಮಾನ ಹತ್ತಿಳಿದು ಬಂದವಳು, ಸೋಫಾದ ಮೇಲೆ ಕೂತು ನಾನು ಕೊಟ್ಟ ನೀರನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಇದು ಯಾವ ಹೊಳೆ ನೀರೇ?"

"ಫಿಲ್ಟರ್ ನೀರಮ್ಮ."

"ಫಿಲ್ಟರ್ ಅನ್ನೋ ಹೊಳೆ ಎಲ್ಲಿದೆ?"

ಜಲತಜ್ಞೆಯಾದ ನಾನು ಫಿಲ್ಟರಿನ ಕಡೆ ನೋಡಿದೆ. ನನ್ನ ಮಗಳು ಇಳಾ ಮೂಲೆಯಲ್ಲಿ ಕೂತು ನಕ್ಕಳು. ಅವಳಿಗೆ ಹದಿನಾಲ್ಕು. ಹುಟ್ಟಿದ್ದು ಬೆಂಗಳೂರಾದರೂ ಬೆಳೆದಿದ್ದೆಲ್ಲ ಇಲ್ಲಿ. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮೊದಲ ಮೂರು ದಿನ ಬೌಸರ್ ನೀರು. ಅಮ್ಮ ಹುಳಿಗೆಂದು ಬೇಳೆ ಇಟ್ಟರೆ ಕುಕ್ಕರ್ ಎಷ್ಟು ಕೂಗಿದರೂ ಅದು ಗಟ್ಟಿ. "ಬೋರ್ ನೀರಿದು. ನಿಮ್ಮೂರಲ್ಲಿ ನನ್ನ ಬೇಳೆ ಬೇಯಲ್ಲ ಬಿಡು" ಎಂದಳು. ಮಂಗಳವಾರ ನಲ್ಲಿ ನೀರು ಬಂತು. ಅಂದು ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಅಮ್ಮ ಸೌಟಿನಲ್ಲಿ ಅದನ್ನು ಮಸೆಯುತ್ತ, ಯಾವುದೋ ಹಳೆಯ ಗೆಳತಿ ಸಿಕ್ಕಿದವಳ ಹಾಗೆ, "ಇದು ಹೊಳೆ ನೀರು. ಎಲ್ಲೋ ಡಾಮಿದೆ" ಎಂದಳು.

ವಿಚಾರಿಸಿದೆ, ಇತ್ತು. ರೈಲು ಹಾಕುವವರು ಬಂದು ಗುಡಾರ ಹೂಡಿದ ಕಾಲಕ್ಕೆ ಈ ಊರಿಗೆ ಬುಗ್ಗೆಗಳ ನೀರು ಸಾಕಾಗಿತ್ತಂತೆ. ಊರು ಬೆಳೆಯಿತು, ಬುಗ್ಗೆ ಬೆಳೆಯಲಿಲ್ಲ. ಆಗ ಬಿಳಿಯರು ಬಡಗಣದ ಚಹಾ ಬೆಟ್ಟಗಳಲ್ಲಿ ಹೊಳೆಯೊಂದಕ್ಕೆ ಅಡ್ಡಗಟ್ಟೆ ಹಾಕಿ ಕೊಳವೆಯಲ್ಲಿ ನೀರು ತಂದರು. ಆಮೇಲೆ ಇನ್ನೂ ದೊಡ್ಡ ಕಟ್ಟೆಗಳು ಬಂದವು. ಹಳೆಯದೂ ಇನ್ನೂ ತನ್ನ ಕೈಲಾದಷ್ಟು ಕೊಡುತ್ತಲೇ ಇದೆ. ಅದರ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಮುಂದೆ ಬರುವ ಒಬ್ಬ ಕಾವಲುಗಾರನ ಕೆಲಸಕ್ಕೆ ಕುತ್ತು ಬಂದೀತು, ನನ್ನ ಕೆಲಸಕ್ಕೂ.

ಅಮ್ಮ ಬೇಳೆ ನೋಡಿ ಡಾಮು ಹೇಳಿದ್ದರಲ್ಲಿ ಪವಾಡವೇನಿಲ್ಲ. ಅವಳು ಡಾಮಿನ ಸೊಸೆ. ಬೆಂಗಳೂರಿಗೆ ಒಂದು ಕಾಲದಲ್ಲಿ ನೀರು ಕುಡಿಸುತ್ತಿದ್ದ ಹಳೆಯ ಅಣೆಕಟ್ಟೊಂದರಲ್ಲಿ ನಮ್ಮಪ್ಪ ಗೇಜ್ ರೀಡರ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಏರಿಯ ಮೇಲೆ ನಡೆದುಹೋಗಿ, ನೀರಿನಲ್ಲಿ ನಿಂತ ಅಳತೆ ಕಂಬ ನೋಡಿ ಎಷ್ಟು ಅಡಿ ಎಷ್ಟು ಅಂಗುಲ ಎಂದು ಬರೆದಿಡುವುದು ಅವರ ಕೆಲಸ. ಏರಿಯ ಕೆಳಗೆ ಎಂಟು ಮನೆಗಳ ಕಾಲೊನಿ. ಸುತ್ತಲ ಹಳ್ಳಿಯವರಿಗೆ ನಾವು 'ನೀರಿನೋರು'. ಸಂತೆಯಲ್ಲಿ ಅಮ್ಮನನ್ನು ಕಂಡರೆ, "ನೀರಿನೋರ ಮನೆಯಮ್ಮ ಬಂದ್ರು, ಒಳ್ಳೆ ಬದನೆಕಾಯಿ ತೆಗೀ" ಎನ್ನುತ್ತಿದ್ದರು. ನೀರನ್ನು ನಾವೇ ಕೊಡಿಸುತ್ತೇವೆ ಎನ್ನುವ ಜಂಬ ನನಗೂ ಸಾಕಷ್ಟಿತ್ತು. ಶಾಲೆಯಲ್ಲಿ ಯಾರೊಡನೆ ಜಗಳವಾದರೂ, "ನಮ್ಮಪ್ಪಂಗೆ ಹೇಳಿ ನಿಮ್ಮೂರಿಗೆ ನೀರು ನಿಲ್ಲಿಸ್ತೀನಿ" ಎನ್ನುತ್ತಿದ್ದೆ. ಅಪ್ಪನಿಗೆ ನೀರು ಅಳೆಯುವುದಕ್ಕೆ ಮಾತ್ರ ಅಧಿಕಾರವಿತ್ತು, ನಿಲ್ಲಿಸುವುದಕ್ಕಲ್ಲ ಎಂದು ಗೊತ್ತಾದಾಗ ಎರಡು ದಿನ ಮಂಕಾಗಿದ್ದೆ.

ಡಾಮು ಎಂದೇ ನಮ್ಮ ಕಾಲೊನಿಯವರೆಲ್ಲ ಹೇಳುತ್ತಿದ್ದುದು. ಇಂಗ್ಲಿಷಿನ ಯಾವ ಶಬ್ದಕ್ಕೇ ಆಗಲಿ ಬಾಲಕ್ಕೊಂದು ಉಕಾರ ಅಂಟಿಸದೆ ನಮಗೆ ಸಮಾಧಾನವಿಲ್ಲ: ಬಸ್ಸು, ಕೋಟು, ಬ್ಯಾಂಕು. ಇಲ್ಲಿಯ ಸ್ವಾಹಿಲಿಯವರದ್ದೂ ಅದೇ ಚಾಳಿ, ಆದರೆ ಅವರಿಗೆ ಇಕಾರ ಪ್ರೀತಿ. ಬಸ್ಸು ಬಾಸಿ, ಕೋಟು ಕೋಟಿ. ಬ್ಯಾಂಕು ಬೆಂಕಿ. ಬಂದ ಹೊಸದರಲ್ಲಿ ಯಾರೋ ನನಗೆ "ಬೆಂಕಿ ಪಕ್ಕದಲ್ಲೇ ಇದೆ" ಎಂಬರ್ಥದಲ್ಲಿ ಏನೋ ಹೇಳಿದಾಗ ನಾನು ಓಡುವುದೊಂದು ಬಾಕಿ. ಎರಡು ಭಾಷೆಗಳು ಒಂದೇ ಓಣಿಯಲ್ಲಿ ಹಾಯುವಾಗ ಇಂಥ ತಾಕಲಾಟ ಇದ್ದದ್ದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏಪ್ರಿಲಿನಲ್ಲಿ ಇಲ್ಲಿಯ ದೊಡ್ಡ ಮಳೆ ಹಿಡಿಯಿತು. ಮೇ ತಿಂಗಳ ಒಂದು ಸಂಜೆ ಇಳಾ ಫೋನಿನಲ್ಲಿ ಒಂದು ವಿಡಿಯೊ ತಂದು ಅಜ್ಜಿಗೆ ತೋರಿಸಿದಳು. ಇಲ್ಲಿಯ ಚಹಾ ಬೆಟ್ಟಗಳ ಆ ಹಳೆಯ ಅಣೆಕಟ್ಟಿನ ಕೋಡಿ ಬಿದ್ದು ನೀರು ಬೆಳ್ಳಗೆ ಧುಮುಕುತ್ತಿತ್ತು. ಅಮ್ಮ ಕನ್ನಡಕ ಏರಿಸಿಕೊಂಡು ಮೂರು ಸಲ ನೋಡಿದಳು.

"ತುಂಬಿದೆಯಾ?"

"ಫುಲ್ ಅಜ್ಜಿ. ಓವರ್‌ಫ್ಲೋಯಿಂಗ್."

ಅಮ್ಮ ಫೋನನ್ನು ಹಿಂದಕ್ಕೆ ಕೊಟ್ಟು ನನ್ನ ಕಡೆ ತಿರುಗಿದಳು. "ನಂದೊಂದು ಬಾಗಿನ ಬಾಕಿ ಇದೆ ಕಣೇ. ಇಲ್ಲಿ ಕೊಟ್ಟುಬಿಡೋಣ."

ಆ ಬಾಕಿಯ ಕಥೆ ನನಗೆ ಗೊತ್ತಿತ್ತು, ನೀವೂ ಕೇಳಿ. ನಾನು ಅಮ್ಮನ ಹೊಟ್ಟೆಯಲ್ಲಿ ಎಂಟು ತಿಂಗಳವಳಿದ್ದಾಗ ಒಂದು ಮಧ್ಯಾಹ್ನ, ಹೊಳೆ ಏರುತ್ತಿದ್ದ ದಿನ, ಅಪ್ಪ ಅಳತೆ ಕಂಬಕ್ಕೆ ಸಿಕ್ಕಿಕೊಂಡಿದ್ದ ಕಸ ಬಿಡಿಸಲು ಹರಿಗೋಲಿನಲ್ಲಿ ಹೋದರು. ಹರಿಗೋಲು ಮಗುಚಿತು. ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಮೂವತ್ತು ವರ್ಷ ನೀರು ಅಳೆದ ಮನುಷ್ಯ ಕಡೆತನಕ ಈಜು ಕಲಿಯಲಿಲ್ಲ. ಏರಿಯ ಮೇಲೆ ನಿಂತವರಿಗೆ ಸುರಿಯುವ ಮಳೆಯಲ್ಲಿ ಕೆಂಪು ನೀರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲವಂತೆ. ಅಮ್ಮ ಆ ತುಂಬಿದ ಬಸಿರಿನಲ್ಲಿ ಏರಿ ಹತ್ತಿ ಬಂದು ಕೈಮುಗಿದಳಂತೆ: ಇವರನ್ನು ವಾಪಸು ಕೊಡು ತಾಯಿ, ಡಾಮು ತುಂಬಿದ ದಿನ ಬಾಗಿನ ಕೊಡ್ತೀನಿ.

ಸಂಜೆ ಸೊಪ್ಪಿನಂತಾದ ಅಪ್ಪನನ್ನು ದೋಣಿಯವರು ಕರೆತಂದರು. ಅಷ್ಟು ಹೊತ್ತೂ ಅವರು ಅಳತೆ ಕಂಬವನ್ನೇ ತಬ್ಬಿಕೊಂಡು ನಿಂತಿದ್ದರು. ದಡಕ್ಕೆ ಬಂದು ಆಡಿದ ಮೊದಲ ಮಾತು, "ಐವತ್ತೊಂದು ಅಡಿ ದಾಟಿತು, ಬರ್ಕೊಳಿ" ಎಂದು. ಈ ಮಾತನ್ನು ಅಮ್ಮ ಪ್ರತಿ ಸಲ ಹೇಳಿ ನಗುತ್ತಾಳೆ, ಪ್ರತಿ ಸಲ ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಮುಂದಿನ ತಿಂಗಳೇ ಡಾಮು ತುಂಬಿತು. ತುಂಬಿದ ದಿನವೇ ನಾನು ಹುಟ್ಟಿದೆ. ಮನೆಗೆ ಪುರುಡು. ಹೆರಿಗೆಯ ಮೈಲಿಗೆಯಲ್ಲಿ ಹೊಳೆಗೆ ಬಾಗಿನ ಕೊಡುವ ಹಾಗಿಲ್ಲ. ಪುರುಡು ಕಳೆಯುವ ಹೊತ್ತಿಗೆ ಮಟ್ಟ ಇಳಿದಿತ್ತು. ನೀರಿನ ಕೆಲಸಕ್ಕೆ ನಾನು ಅಡ್ಡ ಬಂದದ್ದು ಹೀಗೆ, ಭೂಮಿಗೆ ಬಿದ್ದ ದಿನದಿಂದಲೇ. "ಅದಕ್ಕೇನು, ಮುಂದಿನ ವರ್ಷ ಕೊಟ್ಟರಾಯಿತು" ಎಂದರಂತೆ ಎಲ್ಲರೂ.

ಮುಂದಿನ ವರ್ಷ ಒಂದಡಿ ಕಡಿಮೆ ಬಿತ್ತು. ಮೊರ, ಬಳೆ ಎಲ್ಲ ತಂದಿಟ್ಟುಕೊಂಡಿದ್ದ ಅಮ್ಮ ಅಪ್ಪನನ್ನು ಗೋಗರೆದಳು: "ಒಂದಡಿ ತಾನೇ, ತುಂಬಿದೆ ಅಂದುಬಿಡಿ." ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತದೆ, "ಒಂದಡಿ ಕಮ್ಮಿ ಅಂದ್ರೆ ಕಮ್ಮಿನೇ" ಎಂದರು. ಅವರದು ಅಂಥ ಬಾಯಿ. ರಾತ್ರಿ ಊಟಕ್ಕೆ ಕೂತಾಗ ದಿನದ ಮಟ್ಟ ಹೇಳದೆ ಅನ್ನ ಕಲಸುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ದೇವರ ಹೆಸರು ಹೇಳುತ್ತಿದ್ದ ಜಾಗದಲ್ಲಿ ನಮ್ಮ ಮನೆಯಲ್ಲಿ ಅಡಿ, ಅಂಗುಲ.

ಆ ವರ್ಷ ಕಮ್ಮಿ ಬಿದ್ದದ್ದು ಒಂದಡಿ, ಅದರ ಮುಂದಿನ ವರ್ಷ ಆರಡಿ. ಹೊಳೆಯ ಮೇಲುಭಾಗದಲ್ಲಿ ಬೋರುಗಳು ಬಂದವು, ಕೆರೆಗಳನ್ನು ಮುಚ್ಚಿ ಬಡಾವಣೆ ಮಾಡಿದರು, ಮಳೆ ಬಂದರೂ ನೀರು ನಮ್ಮಲ್ಲಿಗೆ ದಾರಿ ಮರೆಯಿತು. ನಗರಕ್ಕೆ ದೂರದ ಇನ್ನೊಂದು ಹೊಳೆಯಿಂದ ನೀರು ಬಂತು, ನಮ್ಮದನ್ನು ಕೇಳುವವರಿಲ್ಲ. ನಾನು ಹೈಸ್ಕೂಲು ಮುಗಿಸುವಾಗ ಅಪ್ಪ ರಾತ್ರಿ ಹೇಳುತ್ತಿದ್ದುದು, "ಕೆಳಗಿನ ಗುರುತಿಗೂ ಕೆಳಗೆ" ಎಂದು. ಅದನ್ನೂ ದಿನಕ್ಕೆರಡು ಬಾರಿ ಹೋಗಿ ನೋಡಿಯೇ ಹೇಳುತ್ತಿದ್ದರು. ಆ ಡಾಮು ಮತ್ತೆ ತುಂಬಲಿಲ್ಲ. ಅಮ್ಮನ ಹರಕೆ ಹಾಗೇ ನಿಂತಿತು. ತಾನು ಮಾತು ತಪ್ಪಿದ್ದಕ್ಕೇ ಹೊಳೆ ಮುನಿಸಿಕೊಂಡಿತು ಎಂದು ಒಮ್ಮೆ ಅವಳು ಅಂದಿದ್ದಳು. ನಾನು ಬೋರುಗಳ ಲೆಕ್ಕ, ಬಡಾವಣೆಗಳ ನಕ್ಷೆ ಎಲ್ಲ ಹೇಳಿ ಒಂದು ವರದಿಯನ್ನೇ ಒಪ್ಪಿಸಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ" ಎಂದಿದ್ದಳು.

"ಆದ್ರೆ ಅಮ್ಮ, ನೀನು ಹರಕೆ ಹೊತ್ತಿದ್ದು ಆ ಹೊಳೆಗಲ್ವಾ?" ಎಂದೆ ಈಗ.

"ಇಂಥ ಡಾಮು ಅಂತ ನಾನು ಹೆಸರು ಹಿಡಿದಿರ್ಲಿಲ್ಲ. ತುಂಬಿದ ಡಾಮಿಗೆ ಅಂದಿದ್ದೆ. ಅಲ್ಲೂ ಹರಿಯೋ ನೀರೇ, ಇಲ್ಲೂ ಹರಿಯೋ ನೀರೇ. ಇನ್ನು ಹನ್ನೆರಡು ದಿನಕ್ಕೆ ನಾನು ಹೊರಡ್ತೀನಿ. ಆಮೇಲೆ ನಂಗೆಲ್ಲಿ ಸಿಗುತ್ತೆ ತುಂಬಿದ್ದು?"

ಕರಾರುಪತ್ರ ಬರೆಯುವ ವಕೀಲರೂ ಇಷ್ಟು ಚೊಕ್ಕವಾಗಿ ವಾದಿಸರು. ಒಪ್ಪಿದೆ. ಆಗ ಅವಳು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು. "ಕೊಡೋದು ನೀನು. ನಾನು ಕೊಡೋ ಹಾಗಿಲ್ವಲ್ಲ. ಪಕ್ಕದಲ್ಲಿ ನಿಂತಿರ್ತೀನಿ."

ಬಾಗಿನ ಕೊಡುವವಳು ಮುತ್ತೈದೆಯಾಗಿರಬೇಕು ಎನ್ನುವುದು ನಿಮಗೂ ಗೊತ್ತು. ಅಪ್ಪ ಹೋದ ದಿನದಿಂದ ಅಮ್ಮನ ಹಣೆ ಬರಿದು. ಯಾರೂ ಅವಳಿಗೆ ಇಡಬೇಡ ಎಂದಿರಲಿಲ್ಲ, ಅವಳೇ ಬಿಟ್ಟಳು. ನನಗೆ ಸಿಟ್ಟು ಬಂತು. ಯಾರ ಪ್ರಾಣಕ್ಕೆಂದು ಹರಕೆ ಹೊತ್ತಳೋ ಅವರು ಹೋದರೆಂಬ ಕಾರಣಕ್ಕೆ ಹರಕೆ ತೀರಿಸಲು ಇವಳು ಅನರ್ಹಳು ಎಂದರೆ ಇದು ಯಾವ ನ್ಯಾಯ ಎಂದು ಕೂಗಾಡಿದೆ. ಅಮ್ಮ ಕೂಗಾಡಲಿಲ್ಲ. "ನಂಗೂ ಗೊತ್ತು ಕಣೇ. ಆದ್ರೆ ನನ್ನ ಕೈ ಮುಂದಕ್ಕೆ ಬರಲ್ಲ" ಎಂದಳು.

ಸಾಮಾನು ಹೊಂದಿಸುವುದಕ್ಕೆ ಮೂರು ದಿನ ಹಿಡಿಯಿತು. ಹಸಿರು ಬಳೆ, ರವಿಕೆ ಕಣ, ಅರಿಶಿನ, ಕುಂಕುಮ, ಬಾಚಣಿಗೆ, ಪುಟ್ಟ ಕನ್ನಡಿ, ವೀಳ್ಯದೆಲೆ ಎಲ್ಲ ಪಾರ್ಕ್‌ಲ್ಯಾಂಡ್ಸಿನ ಗುಜರಾತಿ ಅಂಗಡಿಗಳಲ್ಲಿ ಸಿಕ್ಕವು. ಬೇಳೆ, ಬೆಲ್ಲ ಮನೆಯಲ್ಲೇ ಇತ್ತು. ಸಿಗದಿದ್ದುದು ಮೊರ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಈ ದುಂಡು ಮೊರಗಳು. ಅಮ್ಮ ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕೆ ಬಾಯೇ ಇಲ್ವಲ್ಲೇ" ಎಂದಳು. ಕಡೆಗೆ, ಹೇಗೂ ಒಂದರ ಮೇಲೊಂದು ಕವುಚಿ ಕಟ್ಟುವುದಲ್ಲವೇ ಎಂದು ಎರಡು ಕೊಂಡೆವು. ಮೊರಗಳಿಗೆ ಅರಿಶಿನ ಬಳಿದು, ಕುಂಕುಮ ಹಚ್ಚಿ, ಒಳಗೆ ಎಲ್ಲ ಜೋಡಿಸಿ ದಾರ ಕಟ್ಟಿದಳು. ನನ್ನವರು ಕೆಲಸದ ಮೇಲೆ ಕಿಸುಮುವಿಗೆ ಹೋಗಿದ್ದರು. ಅವರು ಊರಿನಲ್ಲಿಲ್ಲದ್ದು ಒಳ್ಳೆಯದೇ ಆಯಿತು. ಅಣೆಕಟ್ಟಿನೊಳಗೆ ಹೋಗಲು ನಾನು ಆಫೀಸಿನ ಪತ್ರ ಹಿಡಿದು ಅನುಮತಿ ಪಡೆದಿದ್ದೆ. ಪತ್ರದಲ್ಲಿ 'ಸ್ಥಳ ಅಧ್ಯಯನ' ಎಂದಿತ್ತು.

ಶನಿವಾರ ಬೆಳಿಗ್ಗೆ ಹೊರಟೆವು. ನಾನು ಕಾರು ಓಡಿಸುತ್ತಿದ್ದೆ, ಹಿಂದೆ ಅಮ್ಮ, ತೊಡೆಯ ಮೇಲೆ ಬಾಗಿನ, ಪಕ್ಕದಲ್ಲಿ ಇಳಾ. ಊರು ದಾಟಿದ ಮೇಲೆ ದಾರಿಯುದ್ದಕ್ಕೂ ಚಹಾ ತೋಟ, ಕೆಂಪು ಮಣ್ಣು, ತೆಳು ಮಂಜು. ಅಮ್ಮ ದಾರಿಯಲ್ಲೆಲ್ಲ ಸ್ವಾಹಿಲಿ ಬಾಯಿಪಾಠ ಮಾಡುತ್ತಿದ್ದಳು. ನಮ್ಮ ಮನೆಗೆಲಸದ ಎಸ್ತರ್ ಎರಡು ತಿಂಗಳಲ್ಲಿ ಅವಳಿಗೆ ಸವಾ, ಅಸಾಂಟೆ, ಮಾಜಿ, ನತಾಕ ಎಂದು ಹತ್ತು ಹದಿನೈದು ಶಬ್ದ ಕಲಿಸಿದ್ದಳು. ಸವಾ ಎಂದರೆ ಸರಿ, ಅಸಾಂಟೆ ಎಂದರೆ ಉಪಕಾರವಾಯಿತು, ಮಾಜಿ ಎಂದರೆ ನೀರು, ನತಾಕ ಎಂದರೆ ನನಗೆ ಬೇಕು. ಇಷ್ಟಿದ್ದರೆ ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಬದುಕಬಹುದು ಎಂದು ಅವಳ ನಂಬಿಕೆ.

ಗೇಟಿನಲ್ಲಿ ಹಸಿರು ಸ್ವೆಟರಿನ ಕಾವಲುಗಾರ ಕಾರಿನ ಬಳಿ ಬಂದ. ನಾನು ಪತ್ರಕ್ಕಾಗಿ ಚೀಲ ತಡಕುತ್ತಿದ್ದೆ. ಅಷ್ಟರಲ್ಲಿ ಅಮ್ಮ ಕಿಟಕಿ ಇಳಿಸಿ, ಬಾಗಿನದ ಕುಂಕುಮ ಮೆತ್ತಿದ ಕೈಗಳನ್ನು ಜೋಡಿಸಿ, ಸ್ಪಷ್ಟ ದನಿಯಲ್ಲಿ ಹೇಳಿದಳು: "ನತಾಕ ಡಾಮು."

ಆತ ಒಂದು ಹೆಜ್ಜೆ ಹಿಂದೆ ಸರಿದ. ಅವನಿಗೆ ಕೇಳಿಸಲಿಲ್ಲವೆಂದುಕೊಂಡ ಅಮ್ಮ ಬಾಗಿನವನ್ನು ಎತ್ತಿ ತೋರಿಸುತ್ತ ಇನ್ನೂ ಬಿಡಿಸಿ ಹೇಳಿದಳು: "ಡಾಮು. ಡಾಮು ಪೂಜಾ."

"ಅಜ್ಜಿ, ಸ್ಟಾಪ್" ಎಂದಳು ಇಳಾ. "ಡಾಮು ಮೀನ್ಸ್ ಬ್ಲಡ್. ಯು ಆರ್ ಆಸ್ಕಿಂಗ್ ಹಿಮ್ ಫಾರ್ ಬ್ಲಡ್."

ಹೌದು, ಸ್ವಾಹಿಲಿಯಲ್ಲಿ ಡಾಮು ಎಂದರೆ ರಕ್ತ. ಕೈಯೆಲ್ಲ ಕೆಂಪು ಮಾಡಿಕೊಂಡ ಮುದುಕಿಯೊಬ್ಬಳು ಬೆಳ್ಳಂಬೆಳಿಗ್ಗೆ ಅಣೆಕಟ್ಟಿನ ಗೇಟಿನಲ್ಲಿ, ನನಗೆ ರಕ್ತ ಬೇಕು, ರಕ್ತದ ಪೂಜೆ ಎಂದರೆ ಯಾವ ಕಾವಲುಗಾರ ತಾನೇ ಗೇಟು ತೆಗೆದಾನು? ಹನ್ನೊಂದು ವರ್ಷದಿಂದ ಇಲ್ಲಿರುವ ನಾನು ಅವಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಡಾಮು ಕೇಳಿದರೂ ಇದು ಹೊಳೆದಿರಲಿಲ್ಲ. ನನ್ನ ತಲೆಯಲ್ಲಿ ಕನ್ನಡಕ್ಕೊಂದು, ಸ್ವಾಹಿಲಿಗೊಂದು ಬೇರೆ ಬೇರೆ ಕೋಣೆ. ಇಳಾಳಿಗೆ ಗೋಡೆಯೇ ಇಲ್ಲ. ಅವಳು ಇಳಿದುಹೋಗಿ ಸ್ವಾಹಿಲಿಯಲ್ಲಿ ಬಡಬಡನೆ ವಿವರಿಸಿದಳು. ಕಟ್ಟೆಗೆ ಇಲ್ಲಿ ಬ್ವಾವಾ ಎನ್ನುತ್ತಾರೆ. ಅಜ್ಜಿಗೆ ಬ್ವಾವಾ ನೋಡಬೇಕು, ಅವಳ ಗಂಡ ಇಂಡಿಯಾದಲ್ಲಿ ಇಂಥದೇ ಬ್ವಾವಾದಲ್ಲಿ ನೀರು ಅಳೆಯುತ್ತಿದ್ದ ಎಂದಳು.

ಕಾವಲುಗಾರ ನಗಬಹುದೆಂದು ನಾನು ಕಾದೆ. ಅವನು ನಗಲಿಲ್ಲ. ಪತ್ರ ನೋಡಿ, ಗೇಟು ತೆಗೆದು, ಜೊತೆಗೆ ನಡೆದುಬರುತ್ತ ನನಗೆ ಇಂಗ್ಲಿಷಿನಲ್ಲಿ ಹೇಳಿದ: "ನಿಮ್ಮ ತಾಯಿ ಪೂರ್ತಿ ತಪ್ಪು ಹೇಳಲಿಲ್ಲ. ನಮ್ಮಜ್ಜ ಇಲ್ಲಿ ಕಲ್ಲು ಹೊತ್ತವನು. ಮೊದಲು ಬಿದ್ದದ್ದು ಡಾಮು, ಆಮೇಲೆ ತುಂಬಿದ್ದು ಮಾಜಿ ಅಂತಿದ್ದ." ಏರಿಯ ತಲೆಯಲ್ಲಿ ಕಲ್ಲಿನ ಫಲಕವೊಂದಿತ್ತು. ಅದರ ಮೇಲೆ ಯಾರೋ ದೊರೆಯ ಹೆಸರು, ಇಂಜಿನಿಯರನ ಹೆಸರು. "ಅಜ್ಜನ ಹೆಸರು ಎಲ್ಲಿ ಅಂತ ಚಿಕ್ಕವನಿದ್ದಾಗ ಹುಡುಕಿದ್ದೆ" ಎಂದ.

ನಾನೂ ಹುಡುಕಿದ್ದೆ, ನಮ್ಮ ಡಾಮಿನ ಫಲಕದಲ್ಲಿ ಅಪ್ಪನ ಹೆಸರನ್ನು. ಕಟ್ಟಿದ ಎಷ್ಟೋ ವರ್ಷಗಳ ಮೇಲೆ ಕೆಲಸಕ್ಕೆ ಸೇರಿದವರ ಹೆಸರು ಅದರಲ್ಲಿರುವುದಿಲ್ಲ ಎನ್ನುವಷ್ಟು ಬುದ್ಧಿ ಆಗ ಇರಲಿಲ್ಲ. ನಮ್ಮ ಕಡೆಯೂ ಮಕ್ಕಳನ್ನು ಹೆದರಿಸುತ್ತಿದ್ದರಲ್ಲ, ಡಾಮು ನಿಲ್ಲಬೇಕಾದರೆ ತಲೆ ಬೇಕು, ಒಬ್ಬೊಬ್ಬರೇ ತಿರುಗಿದರೆ ಹಿಡಿದುಕೊಂಡು ಹೋಗುತ್ತಾರೆ ಎಂದು. ಕಟ್ಟುವವರು ಎಲ್ಲೆಡೆ ಒಂದೇ ಥರದವರಿದ್ದರೇನೋ, ಹೆದರುವವರೂ ಒಂದೇ ಥರ ಹೆದರಿದರು. ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಫಲಕವನ್ನು ಬಿಟ್ಟು, ಅದರ ಕೆಳಗಿನ ಕಟ್ಟಡದ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಏರಿಯ ಮೇಲೆ ಹೋಗಿ ನಿಂತೆವು. ನೀರು ಅಂಚಿನವರೆಗೂ ಇತ್ತು. ಆಚೆ ದಡದ ಕಾಡು ಅದರಲ್ಲಿ ತಲೆಕೆಳಗಾಗಿ ನಿಂತಿತ್ತು. ನಾನು ಅವಳ ಕೈಯಿಂದ ಬಾಗಿನ ತೆಗೆದುಕೊಂಡು ಕಟಕಟೆಯ ಹತ್ತಿರ ಹೋದೆ. ಅಷ್ಟರಲ್ಲಿ ಕಾವಲುಗಾರ, "ಹಪಾನ, ಹಪಾನ" ಎಂದು ಅಡ್ಡ ಬಂದ. ಕೂಡದು ಎಂದರ್ಥ. ಕುಡಿಯುವ ನೀರು, ಏನನ್ನೂ ಹಾಕುವಂತಿಲ್ಲ, ಬೋರ್ಡು ನೋಡಿ ಎಂದ. ಬೋರ್ಡು ನನ್ನ ಮೂಗಿನ ಮುಂದೆಯೇ ಇತ್ತು. ಕುಡಿಯುವ ನೀರಿನ ಮೂಲಗಳನ್ನು ಧಾರ್ಮಿಕ ತ್ಯಾಜ್ಯಗಳಿಂದ ಕಾಪಾಡಬೇಕೆಂದು ಒಂದಿಡೀ ಅಧ್ಯಾಯ ಬರೆದವಳು ನಾನು. ಪ್ಲಾಸ್ಟಿಕ್ ಬಾಚಣಿಗೆ, ಗಾಜಿನ ಕನ್ನಡಿ ಕಟ್ಟಿದ ಗಂಟನ್ನು ನೈರೋಬಿಯ ಜನ ಕುಡಿಯುವ ನೀರಿಗೆ ಎಸೆಯಲು ಕೈ ಎತ್ತಿ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಮ್ಮನ ಮುಖ ಸಣ್ಣಗಾಯಿತು. ಆದರೂ ಅವಳು, "ಸರಿಯಾಗಿ ಹೇಳಿದ. ನಿಮ್ಮಪ್ಪನೂ ಇದನ್ನೇ ಹೇಳ್ತಿದ್ರು" ಎಂದಳು. ಸ್ವಲ್ಪ ಹೊತ್ತು ನೀರನ್ನೇ ನೋಡಿ, "ಹೋಗೋಣ. ಇದು ನನ್ನ ಹಣೇಲಿ ಇಲ್ಲ" ಎಂದು ತಿರುಗಿದಳು. ಹಾಗೆ ಹೇಳಿದಾಗ ಅವಳ ಬರಿಯ ಹಣೆಯನ್ನು ನೋಡಲಾರದೆ ನಾನು ಮೊರದ ದಾರವನ್ನು ನೋಡುತ್ತ ನಿಂತೆ.

ಕೆಳಗೆ, ಏರಿಯ ಬುಡದಲ್ಲಿ ತಗಡಿನ ಸೂರಿನ ನಾಲ್ಕು ಮನೆಗಳಿದ್ದವು. ಒಂದರ ಅಂಗಳದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಸೊಪ್ಪು ಕೊಯ್ಯುತ್ತ ನಮ್ಮನ್ನೇ ನೋಡುತ್ತಿದ್ದಳು. ಅಮ್ಮ ನಿಂತಳು. "ಅದು ಯಾರ ಮನೆ ಕೇಳು." ಕಾವಲುಗಾರ ಹೇಳಿದ, ನೀರಿನ ಮಟ್ಟ ಬರೆದುಕೊಳ್ಳುವವನ ಮನೆ, ಅವಳು ಅವನ ಹೆಂಡತಿ ಮಾಮಾ ಶಿರು. ಶಿರು ಎಂಬ ಹುಡುಗಿಯ ತಾಯಿ ಎಂದರ್ಥ, ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರಿಟ್ಟೇ ಕರೆಯುತ್ತಾರೆ. ಇಳಾ ಅದನ್ನು ಅಜ್ಜಿಗೆ ತಿಳಿಸುವಷ್ಟರಲ್ಲಿ ಅಮ್ಮ ಮಂಡಿ ನೋವು ಮರೆತು ಮೆಟ್ಟಿಲಿಳಿಯತೊಡಗಿದ್ದಳು.

ಮಾಮಾ ಶಿರು ಕೈ ಒರೆಸಿಕೊಂಡು, ಕರಿಬೂ ಎಂದು ಬರಮಾಡಿಕೊಂಡಳು. ಇಳಾ ನಡುವೆ ನಿಂತು ಆಚೆಯ ಮಾತು ಈಚೆಗೆ, ಈಚೆಯದು ಆಚೆಗೆ ದಾಟಿಸುತ್ತಿದ್ದಳು. ಅಜ್ಜಿಯ ಜೊತೆ ಅವಳು ಕನ್ನಡದಲ್ಲೇ ಮಾತಾಡುತ್ತಿದ್ದಾಳೆಂದು ನನಗೆ ಆಮೇಲೆ ಹೊಳೆಯಿತು, ಅವಳಿಗೂ ಹೊಳೆದಿರಲಿಲ್ಲ.

"ನಿಮ್ಮ ಯಜಮಾನ್ರಿಗೆ ಈಜು ಬರುತ್ತಾ ಕೇಳು" ಎಂದಳು ಅಮ್ಮ.

ಮಾಮಾ ಶಿರು ತಲೆಯಾಡಿಸಿದಳು. ಬರುವುದಿಲ್ಲ, ಮಳೆ ಬಂದಾಗಲೆಲ್ಲ ಆತ ವಾಪಸು ಬರುವ ತನಕ ತಾನು ಈ ಬಾಗಿಲಲ್ಲೇ ನಿಂತಿರುತ್ತೇನೆ ಎಂದಳು. ಅಮ್ಮ ಹರಿಗೋಲಿನ ಕಥೆ ಹೇಳಿದಳು. ಐವತ್ತೊಂದು ಅಡಿಯ ಮಾತು ಬಂದಾಗ ಮಾಮಾ ಶಿರು ಗಟ್ಟಿಯಾಗಿ ನಕ್ಕು, ಇವನೂ ಅಂಥವನೇ, ಮದುವೆಯ ದಿನವೂ ಮಟ್ಟ ಬರೆದು ಬಂದ ಎಂದಳು.

ಆಗ ಅಮ್ಮ ನನ್ನತ್ತ ತಿರುಗಿ, "ಇವರಿಗೇ ಕೊಡು" ಎಂದಳು. "ಮುತ್ತೈದೆಗೆ ಕೊಟ್ಟರೆ ಹೊಳೆಗೆ ಕೊಟ್ಟ ಹಾಗೇ."

ನಾನು ಮಾಮಾ ಶಿರುವಿಗೆ ಅರಿಶಿನ ಕುಂಕುಮ ಹಚ್ಚಿದೆ. ಅವಳು ಅಲುಗಾಡದೆ, ಕಣ್ಣು ಮುಚ್ಚಿ ಹಚ್ಚಿಸಿಕೊಂಡಳು. ಬಾಗಿನ ಎತ್ತಿ ಅವಳ ಮುಂದೆ ಹಿಡಿದೆ. ಅವಳು ಎರಡು ಕೈ ಚಾಚಿದಳು, ಆದರೆ ನನ್ನ ಕಡೆಗಲ್ಲ. ನನ್ನನ್ನು ದಾಟಿ ಹೋಗಿ ಅಮ್ಮನ ಎದುರು ನಿಂತಳು.

"ಅಜ್ಜೀ, ದೊಡ್ಡೋರ ಕೈಯಿಂದ ತಗೋಬೇಕಂತೆ" ಎಂದಳು ಇಳಾ. "ದೊಡ್ಡೋರು ಇರುವಾಗ ಚಿಕ್ಕೋರು ಕೊಟ್ರೆ ಅದು ಗಿಫ್ಟ್ ಅಲ್ವಂತೆ."

ಅಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾಮಾ ಶಿರು ಕಾದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ, ದಿನಾ ಕಾಯುವವಳು. ನನ್ನ ಜೀವನದಲ್ಲಿ ವರದಿ ಒಪ್ಪಿಸದೆ ಸುಮ್ಮನಿದ್ದ ಕೆಲವೇ ಸಂದರ್ಭಗಳಲ್ಲಿ ಅದೊಂದು. ಕಡೆಗೆ ಅಮ್ಮ ಸೆರಗಿನಿಂದ ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು. ನನ್ನಿಂದ ಬಾಗಿನ ತೆಗೆದುಕೊಂಡು, "ಅಸಾಂಟೆ ತಾಯಿ. ಇವರನ್ನ ವಾಪಸು ಕೊಟ್ಟಿದ್ದಕ್ಕೆ" ಎಂದು ಮಾಮಾ ಶಿರುವಿನ ಕೈಗಿಟ್ಟಳು. ಅದನ್ನು ಹೇಳಿದ್ದು ಆ ಹೆಂಗಸಿಗೋ ಅವಳ ಬೆನ್ನ ಹಿಂದಿನ ನೀರಿಗೋ ನನಗೆ ತಿಳಿಯಲಿಲ್ಲ.

ಮಾಮಾ ಶಿರು ಒಳಗೆ ಹೋಗಿ ಮೊರಗಳ ದಾರ ಬಿಚ್ಚಿ, ಕೆಳಗಿನ ಮೊರವನ್ನು ಸಾಮಾನು ಸಮೇತ ಇಟ್ಟುಕೊಂಡು, ಮೇಲೆ ಮುಚ್ಚಿದ್ದ ಮೊರದ ತುಂಬ ಬೆಣ್ಣೆಹಣ್ಣು ಹಾಕಿ ತಂದಳು. ಬರಿಗೈಯಲ್ಲಿ ಕಳಿಸುವ ಪದ್ಧತಿ ಅವರಲ್ಲೂ ಇಲ್ಲ. ನನ್ನ ಗೋಡೆಯ ಮೇಲಿರುವುದು ಅದೇ. ಅಷ್ಟು ಹೊತ್ತಿಗೆ ಅವಳ ಗಂಡ, ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡ ಉದ್ದನೆಯ ಮನುಷ್ಯ, ಏರಿಯಿಂದ ಇಳಿದು ಬಂದ. ಅಮ್ಮ ಅವನನ್ನು ಕೇಳಿದ್ದು ಒಂದೇ ಮಾತು, ಎಷ್ಟಿದೆ ಎಂದು. ಅವನು ಪುಸ್ತಕ ತೆರೆಯದೆ, "ಇಮೆಜಾ" ಎಂದ.

"ತುಂಬಿದೆ ಅಂತ ಅಜ್ಜಿ."

"ಒಂದಡಿನೂ ಕಮ್ಮಿ ಇಲ್ಲ ತಾನೇ, ಕೇಳು."

ಇಳಾ ಕೇಳಿದಳು. ಅವನು ಗಂಭೀರವಾಗಿ, ಒಂದು ಬೆರಳೂ ಕಡಿಮೆ ಇಲ್ಲ ಎಂದ.

ಹೊರಡುವಾಗ ಮಾಮಾ ಶಿರುವಿಗೆ ಏನೋ ನೆನಪಾಯಿತು. ತನಗೆ ಮಾಡಿದ್ದನ್ನು ತಾನೂ ತಿರುಗಿ ಮಾಡಬೇಕೆಂದು ಅವಳಿಗೆ ಅನಿಸಿರಬೇಕು. ಬಾಗಿನದಲ್ಲಿದ್ದ ಕುಂಕುಮದ ಪೊಟ್ಟಣ ಬಿಚ್ಚಿ, ಬೆರಳದ್ದಿ, ಮೊದಲು ನನ್ನ ಹಣೆಗೆ ಇಟ್ಟಳು. ಆಮೇಲೆ ನಾನು ತಡೆಯುವ ಮೊದಲೇ ಅಮ್ಮನ ಹಣೆಗೂ ಇಟ್ಟಳು, ಧಾರಾಳವಾಗಿ, ದೊಡ್ಡದಾಗಿ, ಸ್ವಲ್ಪ ವಾರೆಯಾಗಿ. ಅಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಕಾರಿನಲ್ಲಿ ಇಳಾ ಒಂದು ಟಿಶ್ಯೂ ತೆಗೆದು ಅಜ್ಜಿಯ ಕಡೆ ಚಾಚಿದಳು. ಅವಳಿಗೆ ಅಷ್ಟು ಗೊತ್ತಿತ್ತು.

"ಇರ್ಲಿ ಬಿಡು ಮಗು" ಎಂದಳು ಅಮ್ಮ. "ನೀರಿನೋರ ಮನೇಲಿ ಇಟ್ಟಿದ್ದು."

ಅಂದು ಶನಿವಾರ, ನಮ್ಮ ಓಣಿಗೆ ನೀರು ಬರುವ ದಿನ. ಮನೆ ಸೇರುವ ಹೊತ್ತಿಗೆ ನಲ್ಲಿ ಬುಸುಗುಟ್ಟಿ, ಕೆಮ್ಮಿ, ಆಮೇಲೆ ದಪ್ಪಗೆ ಸುರಿಯತೊಡಗಿತು. ಎಸ್ತರ್ ಪಾತ್ರೆ ತೊಳೆದಳು, ಇಳಾ ಕಾಲು ತೊಳೆದಳು, ನಾನು ಬಕೆಟ್ಟು, ಕ್ಯಾನು, ಹಂಡೆ, ಕಡೆಗೆ ಚೊಂಬನ್ನೂ ಬಿಡದೆ ತುಂಬಿಸಿದೆ. ಮನೆಯಲ್ಲೆಲ್ಲ ಆ ಡಾಮಿನ ನೀರು. ಅಮ್ಮ ಒಬ್ಬಳು ಮುಖ ತೊಳೆಯಲಿಲ್ಲ.